ಫಲಿತಾಂಶ ಮರೆತು ಬರೆಯಿರಿ

ಆತ್ಮೀಯರೇ,

ನಿಮ್ಮ ‘ಆರು ಶನಿವಾರ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವಂಥ ಕಥೆಯೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಪತ್ರ ‘ಬರಹಗಾರರಿಗೆ ಸಲಹೆ’ ಅಂಕಣದಲ್ಲೂ ಬರುವುದರಿಂದ ಉಳಿದ ಓದುಗರಿಗಾಗಿ ನಾಲ್ಕು ಮಾತು. ಕಥೆ ನಡೆಯುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ ಪಟ್ಟಣದಲ್ಲಿ, 2016ರ ಅಧ್ಯಕ್ಷೀಯ ಚುನಾವಣೆಯ ಮುಂಚಿನ ಆರು ಶನಿವಾರಗಳಂದು. ಬೆಳಗಿನ ತಿಂಡಿಗೆ ಒಂದೇ ಮೇಜಿಗೆ ಬಂದು ಕೂರುವವರು ನಾಲ್ವರು: ರೈಲು ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮುಗಿಸಿದ ವೆಲ್ಡರ್, ಆಸ್ಪತ್ರೆಯ ನರ್ಸ್, ಶಾಲಾ ಬಸ್ಸಿನ ಡ್ರೈವರ್, ಸಮೀಕ್ಷೆಗಳ ಹುಚ್ಚು ಹತ್ತಿದ ಕಾಲೇಜು ಹುಡುಗ. ಯಾರು ಗೆಲ್ಲುತ್ತಾರೆ, ಯಾರ ಪ್ರಚಾರ ಎಲ್ಲಿ ಎಡವುತ್ತಿದೆ ಎಂದು ವಾದ ಮಾಡುತ್ತಾರೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವ ನಿರೂಪಕ ಕನ್ನಡಿಗ, ವಿಮಾ ಕಂಪನಿಯೊಂದರ ಕಂಪ್ಯೂಟರ್ ವಿಭಾಗಕ್ಕೆ ಎಚ್‌-1ಬಿ ವೀಸಾದ ಮೇಲೆ ಬಂದವನು.

ದೊಡ್ಡ ದೋಷವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಥೆಗೆ ಫಲಿತಾಂಶ ಮೊದಲೇ ಗೊತ್ತಿದೆ. ಅಕ್ಟೋಬರ್ 1ರ ಬೆಳಿಗ್ಗೆ ಕಾಫಿ ಕಪ್ ಎತ್ತುವಾಗಲೇ ನಿಮ್ಮ ವೆಲ್ಡರ್ ನವೆಂಬರ್ 9ರ ಪೇಪರ್ ಓದಿಕೊಂಡು ಬಂದವನಂತಿದ್ದಾನೆ. ಅವನ ಒಂದು ಮಾತೂ ಹುಸಿಯಾಗುವುದಿಲ್ಲ. ಟ್ರಂಪ್ ಕಡೆಯವರೆಲ್ಲ ನೆಲ ಬಲ್ಲವರು, ಕ್ಲಿಂಟನ್ ಕಡೆಯವರೆಲ್ಲ ಕಣ್ಣು ಕಟ್ಟಿಕೊಂಡವರು. ಇದು ನಿಮ್ಮ ರಾಜಕೀಯ ಒಲವು ಎಂದು ನಾನು ಭಾವಿಸಿಲ್ಲ, ಆಮೇಲೆ ತಿಳಿದದ್ದನ್ನು ಮೊದಲೇ ಮಾತಾಡಿಸಿದ್ದರಿಂದ ಆದ ಎಡವಟ್ಟು. ಮೂರನೇ ಪುಟದಲ್ಲಿ ಅವನು, ‘ಆಕೆ ವಿಸ್ಕಾನ್ಸಿನ್‌ಗೆ ಕಾಲೇ ಇಟ್ಟಿಲ್ಲ, ನೋಡ್ತಾ ಇರಿ’ ಎನ್ನುತ್ತಾನೆ. ವಿಷಯ ನಿಜ, ಪಕ್ಷದ ಅಭ್ಯರ್ಥಿಯಾಗಿ ಘೋಷಣೆಯಾದ ಮೇಲೆ ಹಿಲರಿ ಕ್ಲಿಂಟನ್ ವಿಸ್ಕಾನ್ಸಿನ್‌ಗೆ ಪ್ರಚಾರಕ್ಕೆ ಹೋಗಲಿಲ್ಲ. ಆದರೆ ಆ ಮಾತು ಎಲ್ಲರ ಬಾಯಿಗೆ ಬಂದದ್ದು ಸೋಲಿನ ನಂತರ. ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಮೇಜಿನ ಮೇಲಿದ್ದ ಪ್ರಶ್ನೆ ಹೆಚ್ಚುಕಡಿಮೆ ಇದರ ತಿರುವುಮುರುವು: 1988ರ ನಂತರ ಅಧ್ಯಕ್ಷ ಹುದ್ದೆಗೆ ತಮ್ಮ ರಿಪಬ್ಲಿಕನ್ ಪಕ್ಷದ ಒಬ್ಬರೂ ಗೆಲ್ಲದ ಈ ರಾಜ್ಯದಲ್ಲಿ ಟ್ರಂಪ್ ಯಾಕೆ ಸಮಯ ಕಳೆಯುತ್ತಿದ್ದಾರೆ? ನವೆಂಬರ್ 2ರಂದು ಕ್ಲಿಂಟನ್ ರಿಪಬ್ಲಿಕನ್ನರ ಕೋಟೆಯಾಗಿದ್ದ ಅರಿಜೋನಾಕ್ಕೆ ಹೋಗಿ ಸಭೆ ಮಾಡಿದರು. ಈಗ ನೋಡಿದರೆ ತಪ್ಪು ಹೆಜ್ಜೆ. ಆ ವಾರ ನಿಮ್ಮ ಕಾಲೇಜು ಹುಡುಗನ ಕಣ್ಣಿಗೆ ಅದೇ ಧೈರ್ಯದ ಗುರುತಾಗಿ ಕಾಣಬೇಕಿತ್ತು.

ಟ್ರಂಪ್ ಅವರನ್ನು ಗೆಲ್ಲಿಸಿದ ಮೂರು ರಾಜ್ಯಗಳಲ್ಲಿ ಅಂತರ ಎಷ್ಟಿತ್ತು ನೋಡಿ. ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292. ಮೂರೂ ಸೇರಿ 77,744 ಮತ. ನಮ್ಮ ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಅರ್ಧ ಸಂಖ್ಯೆಯೂ ಇಲ್ಲ. ದೇಶದಲ್ಲಿ ಚಲಾವಣೆಯಾದದ್ದು 13 ಕೋಟಿ 60 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಕ್ಲಿಂಟನ್‌ಗೆ ಟ್ರಂಪ್‌ಗಿಂತ ಸುಮಾರು 29 ಲಕ್ಷ ಹೆಚ್ಚು ಬಂದಿತ್ತು, ಆದರೆ ಅಲ್ಲಿ ಅಧ್ಯಕ್ಷರನ್ನು ತೀರ್ಮಾನಿಸುವುದು ದೇಶದ ಒಟ್ಟು ಮತವಲ್ಲ, ಒಂದೊಂದು ರಾಜ್ಯದ ಗೆಲುವು. ಈ ಎಪ್ಪತ್ತೇಳು ಸಾವಿರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ, ಮೂರೂ ರಾಜ್ಯಗಳಲ್ಲಿ, ಆ ಮಂಗಳವಾರ ಬೆಳಿಗ್ಗೆ ಕ್ಲಿಂಟನ್ ಅವರಿಗೆ ಮತ ಹಾಕಿದ್ದರೆ ನಿಮ್ಮ ವೆಲ್ಡರ್ ಅದೇ ಮಾತುಗಳನ್ನಾಡಿ ಪೆದ್ದನಾಗುತ್ತಿದ್ದ, ಆ ಹುಡುಗ ಜಾಣನಾಗುತ್ತಿದ್ದ. ಫಲಿತಾಂಶ ಬದಲಾದರೆ ಯಾವ ಪಾತ್ರದ ಘನತೆ ಉದುರಿಹೋಗುತ್ತದೋ ಆ ಪಾತ್ರವನ್ನು ಇನ್ನೊಮ್ಮೆ ಕೂತು ಬರೆಯಬೇಕು.

ನಾನು ವರದಿಗಾರನಾಗಿದ್ದ ಕಾಲದಲ್ಲಿ ಚುನಾವಣೆ ಬಂತೆಂದರೆ ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಕೂರುತ್ತಿದ್ದೆ. ‘ಯಾರಿಗೆ ಹಾಕ್ತೀರಿ’ ಎಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ‘ನಿಮ್ಮ ಕಡೆ ಗಾಳಿ ಹೆಂಗಿದೆ’ ಎಂದರೆ ಪಕ್ಕದ ಊರಿನ, ಪಕ್ಕದ ಬೀದಿಯ ಲೆಕ್ಕ ಒಪ್ಪಿಸುತ್ತಿದ್ದರು. ಒಬ್ಬ ವೃದ್ಧರು ಮೂರು ದಿನ ಬೇರೆಬೇರೆಯವರ ಎದುರು ಮೂರು ಬೇರೆ ಅಂದಾಜು ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅವರು ಸುಳ್ಳುಗಾರರಲ್ಲ. ಎದುರು ಕೂತವರು ಯಾರು, ನಾಳೆ ಅವರಿಂದ ಏನು ಕೆಲಸ ಆಗಬೇಕು, ತನಗೆ ಒಳಗೊಳಗೆ ಏನು ಭಯ, ಅದೆಲ್ಲ ಸೇರಿ ಆ ಅಂದಾಜು ಹೊರಗೆ ಬರುತ್ತಿತ್ತು. ನಿಮ್ಮ ನಾಲ್ವರ ಮಾತಿನಲ್ಲಿ ನನಗೆ ಸಿಗದಿದ್ದದ್ದು ಇದೇ. ಅವರು ಟಿವಿ ಚರ್ಚೆಗೆ ಬಂದ ಪರಿಣತರಂತೆ ಅಂಕಿ ಒಪ್ಪಿಸುತ್ತಾರೆ, ಅಂಕಿ ಅವರಿಗೆ ಏನು ಮಾಡುತ್ತದೆ ಎಂಬುದು ಬರುವುದಿಲ್ಲ.

ಒಂದು ಉದಾಹರಣೆ. ನವೆಂಬರ್ 5ರ ದೃಶ್ಯದಲ್ಲಿ ಹುಡುಗ ‘ಫೈವ್‌ಥರ್ಟಿಎಯ್ಟ್ ಪ್ರಕಾರ ಸುಮಾರು ಶೇ 70 ಮತ ಆಕೆಗೇ’ ಎನ್ನುತ್ತಾನೆ. ಅದು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಚುನಾವಣಾ ಮುನ್ಸೂಚನೆ ಕೊಡುತ್ತಿದ್ದ ಜಾಲತಾಣ. ಅದು ಕೊಟ್ಟ ಅಂಕಿ ಮತಗಳ ಪಾಲಲ್ಲ, ಗೆಲ್ಲುವ ಸಾಧ್ಯತೆ. ಆ ಸಂಸ್ಥೆಯ ಕೊನೆಯ ಲೆಕ್ಕದಲ್ಲಿ ಟ್ರಂಪ್‌ಗೆ ಸುಮಾರು ಶೇ 29 ಅವಕಾಶವಿತ್ತು. ಬೇರೆ ಕೆಲವರು ಕ್ಲಿಂಟನ್‌ಗೆ ಶೇ 98, 99 ಎಂದು ಬರೆದಿದ್ದರು. ಸಮೀಕ್ಷೆಯಲ್ಲೇ ಮುಳುಗಿದ ಹುಡುಗನಿಗೆ ಪಾಲಿಗೂ ಸಾಧ್ಯತೆಗೂ ವ್ಯತ್ಯಾಸ ಗೊತ್ತಿರಲೇಬೇಕು. ತಪ್ಪು ತಿಳಿಯಬಹುದಾದವರು ಬಸ್ ಡ್ರೈವರ್. ಅವರು ಹಾಗೆ ಹೇಳಿ ನಿರಾಳವಾಗಿ ನಗಲಿ. ಹತ್ತರಲ್ಲಿ ಮೂರು ಸಲ ನಡೆಯುವಂಥದ್ದು ಅಪರೂಪವೇನಲ್ಲ ಎಂದು ಹುಡುಗನಿಗೆ ಗೊತ್ತು. ಸರೋವರದ ಕಡೆಯಿಂದ ಹಿಮ ಬಂದು ಸುರಿಯುವ ಊರು ಈರಿ, ಹಿಮಕ್ಕೆ ಶೇ 30 ಅವಕಾಶ ಎಂದರೆ ಯಾರು ಸಲಿಕೆಯನ್ನು ಒಳಗಿಡುತ್ತಾರೆ? ಆದರೂ ಅವನು ಡ್ರೈವರನ್ನು ತಿದ್ದುವುದಿಲ್ಲ. ಯಾಕೆಂದರೆ ತಿದ್ದಿದರೆ ತನ್ನ ಬಾಯಿಂದಲೇ ತನ್ನ ಹೆದರಿಕೆ ಹೊರಬೀಳುತ್ತದೆ. ಈ ಮೌನ ಬರೆದರೆ ಎರಡು ಪುಟದ ಅಂಕಿಅಂಶ ತಾನಾಗಿ ಉದುರುತ್ತದೆ.

ಏಳನೇ ಪುಟದಲ್ಲಿ ನಿರೂಪಕನ ‘ಸಮೀಕ್ಷೆಗಳೆಲ್ಲ ಸುಳ್ಳಾದವು’ ಎಂಬ ಮಾತೂ ಪೂರ್ತಿ ಸರಿಯಲ್ಲ. ದೇಶಮಟ್ಟದ ಸಮೀಕ್ಷೆಗಳ ಸರಾಸರಿ ಕ್ಲಿಂಟನ್ ಸುಮಾರು ಶೇ 3ರಷ್ಟು ಮುಂದೆ ಎಂದಿತ್ತು, ಜನಮತದಲ್ಲಿ ಅವರು ಶೇ 2.1ರಷ್ಟು ಮುಂದಿದ್ದರು. ಎಡವಿದ್ದು ರಾಜ್ಯಗಳಲ್ಲಿ. ವಿಸ್ಕಾನ್ಸಿನ್‌ನ ಹೆಸರಾಂತ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಕೊನೆಯ ಸಮೀಕ್ಷೆ ಕ್ಲಿಂಟನ್ 46, ಟ್ರಂಪ್ 40 ಎಂದಿತ್ತು, ಅಲ್ಲಿ ಟ್ರಂಪ್ ಗೆದ್ದರು.

ಯಾಕೆ ಎಡವಿತು ಎಂಬುದಕ್ಕೆ ನಿಮ್ಮ ಕಥೆಯ ಉತ್ತರ: ವೆಲ್ಡರ್ ಫೋನಿನಲ್ಲಿ ಸಮೀಕ್ಷೆಯವರಿಗೆ ಬೇಕೆಂದೇ ಸುಳ್ಳು ಹೇಳುತ್ತಾನೆ, ರಾಜ್ಯವಿಡೀ ಹಾಗೇ ಮಾಡಿತು. ನಾಚಿಕೆಯಿಂದ ಒಲವು ಮುಚ್ಚಿಟ್ಟ ಮತದಾರನ ಈ ವಿವರಣೆ ಕೇಳಲು ಸೊಗಸಾಗಿದೆ. ಆದರೆ ಅಮೆರಿಕದ ಸಾರ್ವಜನಿಕ ಅಭಿಪ್ರಾಯ ಸಂಶೋಧಕರ ಸಂಘ 2017ರಲ್ಲಿ ಕೊಟ್ಟ ವರದಿಗೆ ಇದಕ್ಕೆ ಹೆಚ್ಚಿನ ಪುರಾವೆ ಸಿಗಲಿಲ್ಲ. ಸಿಕ್ಕ ಕಾರಣಗಳು ಬೇರೆ. ಕಾಲೇಜು ಓದಿದವರು ಸಮೀಕ್ಷೆಗೆ ಹೆಚ್ಚಾಗಿ ಉತ್ತರಿಸುತ್ತಾರೆ. ಹಲವು ರಾಜ್ಯ ಸಮೀಕ್ಷೆಗಳು ಲೆಕ್ಕ ಹಾಕುವಾಗ ವಿದ್ಯಾಭ್ಯಾಸದ ಪಾಲನ್ನು ಸರಿದೂಗಿಸಲಿಲ್ಲ, ಆ ವರ್ಷ ವಿದ್ಯಾಭ್ಯಾಸಕ್ಕೂ ಮತಕ್ಕೂ ನಂಟು ಹಿಂದೆಂದಿಗಿಂತ ಬಿಗಿಯಾಗಿತ್ತು. ಕೊನೆಯ ವಾರದಲ್ಲಿ ಮನಸ್ಸು ಮಾಡಿದವರು ಈ ರಾಜ್ಯಗಳಲ್ಲಿ ಟ್ರಂಪ್ ಕಡೆ ವಾಲಿದರು. ಇನ್ನು ಫೋನಿನ ಸಂಗತಿ: ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ ಆ ವರ್ಷ ಸಿಕ್ಕ ಪ್ರತಿಕ್ರಿಯೆ ಶೇ 9, ಅದೇ 1997ರಲ್ಲಿ ಶೇ 36 ಇತ್ತು. ಅಂದರೆ ನಿಮ್ಮ ವೆಲ್ಡರ್ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ, ಅವನು ಫೋನೇ ಎತ್ತಿರುವುದಿಲ್ಲ. ಸುಳ್ಳು ಹೇಳಿ ಗೆಲ್ಲುವವನಿಗಿಂತ, ಅಡುಗೆಮನೆಯಲ್ಲಿ ರಿಂಗಾಗುವ ಫೋನನ್ನು ಸುಮ್ಮನೆ ನೋಡುತ್ತಾ ನಿಂತವನು ನನ್ನನ್ನು ಹೆಚ್ಚು ಕಾಡುತ್ತಾನೆ.

ಈಗ ನೀವು ಕೈಬಿಟ್ಟ ಎರಡು ಶನಿವಾರಗಳ ಮಾತು. ಟ್ರಂಪ್ ಹೆಂಗಸರ ಬಗ್ಗೆ ಅಸಹ್ಯವಾಗಿ ಮಾತಾಡಿದ್ದ ಹಳೆಯ ಟೇಪ್ ಹೊರಬಂದದ್ದು ಅಕ್ಟೋಬರ್ 7, ಶುಕ್ರವಾರ. ಸರ್ಕಾರಿ ಹುದ್ದೆಯಲ್ಲಿದ್ದಾಗ ಕ್ಲಿಂಟನ್ ಖಾಸಗಿ ಇಮೇಲ್ ಬಳಸಿದ್ದರ ತನಿಖೆಯ ಬಗ್ಗೆ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಸಂಸತ್ತಿಗೆ ಪತ್ರ ಕಳಿಸಿದ್ದು ಅಕ್ಟೋಬರ್ 28, ಅದೂ ಶುಕ್ರವಾರ. ನಿಮ್ಮ ಜನ ಸೇರುವುದು ಶನಿವಾರ! ಇಂಥ ಅದೃಷ್ಟ ಎಷ್ಟು ಕಥೆಗಾರರಿಗೆ ಒದಗುತ್ತದೆ? ಆದರೆ ನಿಮ್ಮ 8ನೇ ತಾರೀಖಿನ ದೃಶ್ಯದಲ್ಲಿ ಟೇಪಿಗೆ ಒಂದು ಸಾಲು, 29ರ ದೃಶ್ಯದಲ್ಲಿ ಪತ್ರದ ಸುದ್ದಿಯೇ ಇಲ್ಲ. 8ರ ಬೆಳಿಗ್ಗೆ ಸ್ವಂತ ಪಕ್ಷದ ನಾಯಕರೇ ಕೆಲವರು ಟ್ರಂಪ್ ಹಿಂದೆ ಸರಿಯಲಿ ಎನ್ನುತ್ತಿದ್ದರು. ಕಾಫಿ ಬಗ್ಗಿಸುವ ಹೆಂಗಸು ಪಕ್ಕದಲ್ಲಿ ನಿಂತಿರುವಾಗ, ಎದುರಿಗೆ ನರ್ಸ್ ಕೂತಿರುವಾಗ, ಟ್ರಂಪ್ ಅವರಿಗೇ ಮತ ಎಂದು ತೀರ್ಮಾನಿಸಿದ ಗಂಡಸು ಎಲ್ಲಿ ನೋಡುತ್ತಾನೆ? ಪ್ರಚಾರ ತಂತ್ರದ ಚರ್ಚೆಯೆಲ್ಲ ಆ ಬೆಳಿಗ್ಗೆ ಬರಿಯ ಮರೆಯಾಗಿರುತ್ತದೆ, ಅದರ ಹಿಂದೆ ಬೇರೇನೋ ನಡೆಯುತ್ತಿರುತ್ತದೆ. ಆ ಎರಡು ದೃಶ್ಯ ಗಟ್ಟಿಯಾದರೆ ಉಳಿದ ನಾಲ್ಕು ಶನಿವಾರ ಚಿಕ್ಕದಾದರೂ ಚಿಂತೆಯಿಲ್ಲ.

ಹಾಗೆಂದು ಕಥೆಯಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಮಕ್ಕಳು ಟಿವಿಯಲ್ಲಿ ಟ್ರಂಪ್ ಮಾತು ನೋಡುತ್ತಾ ಕೂತಿರುವ ಕ್ಲಿಂಟನ್ ಜಾಹೀರಾತಿನ ಬಗ್ಗೆ ನರ್ಸ್ ಹೇಳುತ್ತಾಳೆ: ‘ಆ ಜಾಹೀರಾತಲ್ಲೂ ಅವನೇ ಇದ್ದಾನೆ, ನಾನು ಎಲ್ಲೂ ಇಲ್ಲ.’ ಈ ಒಂದು ಸಾಲಿಗಾಗಿಯೇ ಎರಡನೇ ಸಲ ಓದಿದೆ. ಪ್ರಚಾರ ತಂತ್ರದ ಬಗ್ಗೆ ದೊಡ್ಡ ಲೇಖನ ಹೇಳಬೇಕಾದದ್ದನ್ನು ಎರಡು ಪಾಳಿ ದುಡಿದು ಬಂದ ಹೆಂಗಸು ಹೇಳಿದ್ದಾಳೆ. ಆಕೆ ಕ್ಲಿಂಟನ್‌ಗೇ ಮತ ಹಾಕುತ್ತಾಳೆ ಎಂಬುದು ಅದನ್ನು ಇನ್ನಷ್ಟು ತೂಕದ್ದಾಗಿಸುತ್ತದೆ.

ಅದೇ ನರ್ಸನ್ನು ಅಕ್ಟೋಬರ್ 22ರಂದು ಮತಗಟ್ಟೆಗೆ ಕಳಿಸಿ ಮುಂಚಿತವಾಗಿ ಮತ ಹಾಕಿಸಿದ್ದೀರಿ. 2016ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆ ಸೌಲಭ್ಯ ಇರಲಿಲ್ಲ. ತಕ್ಕ ಕಾರಣ ಕೊಟ್ಟವರಿಗೆ ಮಾತ್ರ ಅಂಚೆ ಮತ, ಕಾರಣ ಕೇಳದೆ ಅಂಚೆ ಮತ ಕೊಟ್ಟದ್ದು 2019ರ ಕಾನೂನು. ಅಲ್ಲಿ ಬಾಳಿದ ಓದುಗರೊಬ್ಬರು ಈ ಒಂದು ತಪ್ಪು ಕಂಡರೆ ಉಳಿದದ್ದನ್ನೂ ನಂಬುವುದಿಲ್ಲ. ತಿದ್ದಿದರೆ ಕಥೆಗೇ ಲಾಭ, ಆ ಊರಿನ ಬಹುಪಾಲು ಜನರಿಗೆ ಮತ ಹಾಕಲು ಇದ್ದದ್ದು ನವೆಂಬರ್ 8ರ ಒಂದೇ ದಿನ. ಅಲ್ಲಿಯವರೆಗೂ ಯಾರ ಮನಸ್ಸು ಬೇಕಾದರೂ ತಿರುಗಬಹುದಿತ್ತು.

ಭಾಷೆಯ ಬಗ್ಗೆ ಸ್ವಲ್ಪ. ‘ತೂಗಾಡುವ ರಾಜ್ಯ’ ಬೇಡ, ಸ್ವಿಂಗ್ ರಾಜ್ಯ ಎಂದರೆ ಪೇಪರ್ ಓದುವ ಎಲ್ಲರಿಗೂ ತಿಳಿಯುತ್ತದೆ. ‘ಉಪಾಹಾರ ಮಂದಿರ’ವೂ ಬೇಡ, ಡೈನರ್ ಎಂದೇ ಬರೆಯಿರಿ. ಮತದಾನಪೂರ್ವ ಸಮೀಕ್ಷೆಗೆಲ್ಲ ನೀವು ‘ಮತಗಟ್ಟೆ ಸಮೀಕ್ಷೆ’ ಎಂದಿದ್ದೀರಿ. ನಮ್ಮಲ್ಲಿ ಆ ಹೆಸರು ಮತ ಹಾಕಿ ಹೊರಬಂದವರನ್ನು ಕೇಳಿದ್ದಕ್ಕೆ ಮೀಸಲು, ಅದನ್ನು ಕೊನೆಯ ಹಂತದ ಮತದಾನ ಮುಗಿಯುವವರೆಗೆ ಪ್ರಕಟಿಸುವಂತೆಯೇ ಇಲ್ಲ. ಮತದಾನಪೂರ್ವ ಸಮೀಕ್ಷೆಗೂ ಇಲ್ಲಿ ಟಿವಿಯಂಥ ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿ ಕೊನೆಯ 48 ಗಂಟೆ ತಡೆಯಿದೆ. ಅಮೆರಿಕದಲ್ಲಿ ಹಿಂದಿನ ರಾತ್ರಿಯವರೆಗೂ ಹೊಸ ಅಂಕಿ ಬರುತ್ತಲೇ ಇರುತ್ತದೆ ಎಂಬುದನ್ನು ಒಂದು ಕಡೆ ಕಾಣಿಸಿ. ಇಲ್ಲದಿದ್ದರೆ ಹುಡುಗ ಗಳಿಗೆಗೊಮ್ಮೆ ಮೊಬೈಲ್ ನೋಡುವುದು ನಮ್ಮ ಓದುಗರಿಗೆ ಅರ್ಥವಾಗದು.

ಇನ್ನು ನಿಮ್ಮ ನಿರೂಪಕ. ಇಡೀ ಕಥೆಯಲ್ಲಿ ಮತವಿಲ್ಲದವನು ಅವನೊಬ್ಬನೇ, ಅವನನ್ನೇ ನೀವು ಗೋಡೆಗೆ ಒರಗಿಸಿ ಕೂರಿಸಿದ್ದೀರಿ. ಈರಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) 2012ರಲ್ಲಿ ಒಬಾಮ ಅವರಿಗೆ ಸುಮಾರು ಶೇ 16ರ ಮುನ್ನಡೆ ಕೊಟ್ಟು, 2016ರಲ್ಲಿ ಎರಡು ಸಾವಿರಕ್ಕೂ ಕಡಿಮೆ ಮತದಿಂದ ಟ್ರಂಪ್ ಕಡೆ ಬಂದ ಜಾಗ. ಜನರಲ್ ಎಲೆಕ್ಟ್ರಿಕ್ ಅಲ್ಲಿನ ರೈಲು ಎಂಜಿನ್ ಕಾರ್ಖಾನೆಯಲ್ಲಿ ಸುಮಾರು 1,500 ಹುದ್ದೆ ಕಡಿತ ಮಾಡುವುದಾಗಿ ಹೇಳಿದ್ದು 2015ರ ಕೊನೆಯಲ್ಲಿ. ಅದೇ ಹೊತ್ತಿಗೆ ಅದೇ ಕಂಪನಿಗೆ ಭಾರತೀಯ ರೈಲ್ವೆಯಿಂದ 1,000 ಡೀಸೆಲ್ ಎಂಜಿನ್‌ಗಳ ಗುತ್ತಿಗೆ ಸಿಕ್ಕಿತು, ಬಿಹಾರದ ಮಢೌರಾದಲ್ಲಿ ಕಾರ್ಖಾನೆ ಕಟ್ಟುವ ಮಾತಾಯಿತು. ಆ ಕಾರ್ಖಾನೆಯ ವೆಲ್ಡರನ ಎದುರು ಒಬ್ಬ ಭಾರತೀಯ ಪ್ರತಿ ಶನಿವಾರ ಕೂತು ಮೊಟ್ಟೆ ತಿನ್ನುತ್ತಾನೆ. ಆರು ವಾರದಲ್ಲಿ ಒಮ್ಮೆಯೂ ಇಬ್ಬರ ನಡುವೆ ಈ ಮಾತು ಬರುವುದಿಲ್ಲವೇ? ಬರದಿದ್ದರೆ ಅದನ್ನು ಬಾಯಿಗೆ ತರದೆ ನುಂಗಿಕೊಂಡವರು ಯಾರು? ವೆಲ್ಡರ್ ತನ್ನ ಮತದ ಕಾರಣ ಹೇಳುತ್ತಾ ನಿರೂಪಕನ ಕಡೆ ನೋಡಿದ್ದನೇ, ನೋಡದೆ ತಪ್ಪಿಸಿದನೇ? ನೀವು ಅಲ್ಲಿ ಇದ್ದವರು ಎಂದು ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ನನಗೆ ಇದರ ಉತ್ತರ ಬೇಕು, ಅದು ಸಮೀಕ್ಷೆಯಲ್ಲಿ ಸಿಗುವುದಿಲ್ಲ.

ಒಂಬತ್ತನೇ ಪುಟದ ಕೊನೆಯಲ್ಲಿ ಎರಡು ಸಾಲಿದೆ. ನವೆಂಬರ್ 8ರ ಬೆಳಿಗ್ಗೆ ಮಂಡಿನೋವಿನ ವೆಲ್ಡರನನ್ನು ನಿರೂಪಕ ತನ್ನ ಕಾರಿನಲ್ಲಿ ಮತಗಟ್ಟೆಗೆ ಕರೆದೊಯ್ಯುತ್ತಾನೆ, ಅವನು ಒಳಗೆ ಹೋದಾಗ ಹೊರಗೆ ಕಾರಿನಲ್ಲೇ ಕೂರುತ್ತಾನೆ. ಆಮೇಲೆ ನೀವು ಒಂದೂವರೆ ಪುಟ ಫಲಿತಾಂಶ ವಿವರಿಸಿದ್ದೀರಿ. ಆ ಒಂದೂವರೆ ಪುಟ ತೆಗೆದುಹಾಕಿ. ಕಾರಿನ ಒಳಗೆ ಕೂತಿರಿ. ಹೀಟರ್ ಹಾಕಿದ್ದನೇ, ರೇಡಿಯೋದಲ್ಲಿ ಏನು ಬರುತ್ತಿತ್ತು, ಸಾಲಿನಲ್ಲಿ ನಿಂತ ಜನರಲ್ಲಿ ತನ್ನ ಮೇಜಿನವರು ಕಂಡರೇ, ವಾಪಸು ಬಂದವನು ಬಾಗಿಲು ತೆಗೆದು ಏನಂದ? ಬರೆದು, ಯುಗಾದಿ ಸಂಚಿಕೆಗೆ ಸಿಗುವಂತೆ ನನ್ನ ಹೆಸರಿಗೇ ಕಳಿಸಿ.

ನಿಮ್ಮ,
ಸಂಪಾದಕ