ಮಡಿ ಪಂಚೆ ಅವನೂ ಉಡಲಿ

ಪ್ರಶ್ನೆ: ನನಗೆ 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾವು ಮಾಧ್ವರು. ಆದರೆ ನಮ್ಮ ಮನೆಯಲ್ಲಿ ಮಡಿ ಏನಿದ್ದರೂ ಹಬ್ಬಕ್ಕೆ, ಶ್ರಾದ್ಧಕ್ಕೆ ಮಾತ್ರ. ನಿಶ್ಚಿತಾರ್ಥ ಆಗಿದೆ. ಹುಡುಗನ ಮನೆಯಲ್ಲಿ ದಿನಾ ಮಡಿ ಅಡುಗೆ, ಚಾತುರ್ಮಾಸ್ಯದ ವ್ರತ, ತಿಂಗಳಿಗೆ ಮೂರು ದಿನ ಹೊರಗೆ ಕೂರೋದು, ಎಲ್ಲ ಇದೆ. ‘ಕೆಲಸ ಬಿಡಬೇಡ, ಆದ್ರೆ ಬೆಳಗಿನ ಅಡುಗೆ ಸೊಸೆದೇ’ ಅಂದಿದ್ದಾರೆ ಅವನ ಅಮ್ಮ. ಅವನನ್ನು ಕೇಳಿದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಅಂತಾನೆ. ಹುಡುಗ ಇಷ್ಟ. ಏನು ಮಾಡಲಿ?

ಉತ್ತರ: ನೋಡಮ್ಮಾ, ನಿನ್ನ ಪತ್ರ ಉದ್ದ ಇತ್ತು, ಇಲ್ಲಿ ಕತ್ತರಿಸಿದ್ದೇನೆ. ಅದರಲ್ಲಿ ಅತ್ತೆ ಆಗೋರ ಬಗ್ಗೆ ಎರಡು ಪುಟ ಇದೆ, ಹುಡುಗನ ಬಗ್ಗೆ ಎರಡೇ ಸಾಲು. ನನಗೆ ಯೋಚನೆ ಹತ್ತಿದ್ದು ಆ ಎರಡು ಸಾಲು ಓದಿ. ಅವನ ಅಮ್ಮ ಮುಚ್ಚುಮರೆ ಇಲ್ಲದೆ ಮದುವೆಗೆ ಮುಂಚೆಯೇ ಹೇಳಿದ್ದಾರೆ, ಅದು ಎಷ್ಟೋ ವಾಸಿ.

ಅಡ್ಜಸ್ಟ್ ಅಂದ್ರೆ ಎಷ್ಟು ಅಂತ ಅವನಿಗೆ ಗೊತ್ತಾ? ದ್ವಾದಶಿಯನ್ನೇ ತಗೋ. ಹಿಂದಿನ ದಿನ ಏಕಾದಶಿ ಉಪವಾಸ, ಬೆಳಗಾಗುತ್ತಲೇ ಉಪವಾಸ ಬಿಡೋ ಪಾರಣೆ ಊಟ ಆಗಬೇಕು, ಅಂದ್ರೆ ಯಾರೋ ಒಬ್ಬರು ನಾಲ್ಕಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ ಅಗಸೆ ಸೊಪ್ಪು ಬಿಡಿಸ್ತಾ ಕೂತಿರಬೇಕು. ಆಮೇಲೆ ಒಂಬತ್ತಕ್ಕೆ ನಿನ್ನ ಮೀಟಿಂಗ್. ಇದು ತಿಂಗಳಿಗೆ ಎರಡು ಸಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರು ಇಲ್ಲ, ಆಮೇಲೆ ಹಾಲು ಇಲ್ಲ, ಕೊನೆಗೆ ಬೇಳೆ ಇಲ್ಲ. ವ್ರತ ಮನೆಯವರೆಲ್ಲರದು, ಇವತ್ತು ಏನು ಬೇಯಿಸೋದು ಅನ್ನೋ ತಲೆನೋವು ಮಾತ್ರ ಒಬ್ಬಳದು!

‘ಮಡಿ ಅಡುಗೆ ಹೆಂಗಸರದೇ, ಅದು ಸಂಪ್ರದಾಯ’ ಅಂದ್ರೆ ಒಪ್ಪಬೇಡ. ಉಡುಪಿ ಕೃಷ್ಣ ಮಠದಲ್ಲಿ ಒಲೆ ಮುಂದೆ ನಿಲ್ಲೋರು ಗಂಡಸರು. ಶ್ರಾದ್ಧಕ್ಕೆ ಕರೆಸೋ ಅಡುಗೆಯವರೂ ಎಷ್ಟೋ ಸಲ ಗಂಡಸರೇ. ಅಲ್ಲಿ ಇಲ್ಲದ ನಿಯಮ ಎರಡು ಬೆಡ್‌ರೂಮಿನ ಫ್ಲಾಟಿಗೆ ಎಲ್ಲಿಂದ ಬಂತು? ಇನ್ನು ಬಾಯಿಬಿಟ್ಟರೆ ಮಡಿ ಅನ್ನೋರನ್ನು ಪುರಂದರದಾಸರೇ ಚೆನ್ನಾಗಿ ಗೇಲಿ ಮಾಡಿದ್ದಾರೆ, ಅದು ಆ ಮನೆಯವರಿಗೂ ಗೊತ್ತಿರುತ್ತೆ.

ನಮ್ಮಮ್ಮ ಕೈ ಮುರಿದುಕೊಂಡಾಗ ಅಪ್ಪ ಒಂದೂವರೆ ತಿಂಗಳು ಮಡಿಯಲ್ಲಿ ಅಡುಗೆ ಮಾಡಿದ್ದರು. ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕಿ ಅಡುಗೆಮನೆಯೆಲ್ಲ ಕೆರೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡೋ ಹಾಗಿಲ್ಲವಲ್ಲ, ಉಪ್ಪೆಲ್ಲ ಅಂದಾಜೇ. ಮೊದಲ ದಿನದ ಸಾರು ಬಾಯಿಗಿಡೋಕೆ ಆಗಲಿಲ್ಲ. ಅಮ್ಮ ಏನೂ ಅನ್ನದೆ ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ಸರಿಹೋದ ಮೇಲೂ ದ್ವಾದಶಿ ಅಡುಗೆ ಅಪ್ಪನದೇ ಆಯ್ತು.

ಮೂರು ದಿನದ ವಿಷಯ. ದೇವರ ಮನೆಗೆ ಹೋಗಲ್ಲ ಅನ್ನೋದು ಬೇರೆ, ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ ಲೋಟ ಅನ್ನೋದೇ ಬೇರೆ. ಮೊದಲನೆಯದು ನಿನಗೆ ಒಪ್ಪಿಗೆಯಾದರೆ ಮಾಡು, ಯಾರೂ ನಗಬೇಕಿಲ್ಲ. ಎರಡನೆಯದು ಆಗಲ್ಲ ಅಂತ ಈಗಲೇ ಹೇಳು. ಮದುವೆ ಆದಮೇಲೆ ಹೇಳಿದರೆ ಅದು ಸೊಸೆಯ ಜಂಬ ಆಗುತ್ತೆ.

ಹೇಳಬೇಕಾದದ್ದು ಹುಡುಗನಿಗೆ, ಅವನ ಅಮ್ಮನಿಗಲ್ಲ. ಅವನೊಬ್ಬನನ್ನೇ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳು: ‘ನಾನು ಹೊರಗೆ ಕೂತ ಮೂರು ದಿನ ಅಡುಗೆ ಯಾರು?’ ‘ಅಮ್ಮ’ ಅಂದ್ರೆ, ಅಮ್ಮನ ಕೈಲಿ ಆಗದ ಕಾಲಕ್ಕೆ ಯಾರು ಅಂತ ಕೇಳು. ‘ನಾನು’ ಅಂದ್ರೆ ಬಹಳ ಸಂತೋಷ, ಮುಂದಿನ ದ್ವಾದಶಿಗೆ ಅವನೇ ಎದ್ದು ಸೊಪ್ಪು ಬಿಡಿಸಲಿ. ಅಲ್ಲಿವರೆಗೆ ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಡಿ.