ಕಾಗದದ ವಿಮಾನ ಹಾರಿಸುವ ಚಿತ್ರೋತ್ಸವ

ಹಿಂದಿನ ಸಂಚಿಕೆಯಲ್ಲಿ ಫ್ರಾನ್ಸಿನ ಆನ್ಸಿ ಎಂಬ ಊರಿನ ಆನಿಮೇಷನ್ ಚಿತ್ರೋತ್ಸವದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2024ರ ಜೂನ್‌ನಲ್ಲಿ ಅಲ್ಲಿಗೆ ಹೋಗಿಬಂದ ನೆನಪು, ಅಷ್ಟೇ. ಅದಕ್ಕೆ ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಇಷ್ಟು ಪ್ರಶ್ನೆ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಈ ಸಲದ ಪುಟ ಪೂರ್ತಿ ಅವಕ್ಕೇ.

ಪ್ರಶ್ನೆ: ಮೇಡಂ, ಕಾರ್ಟೂನ್ ಅಂದರೆ ಮಕ್ಕಳಿಗೆ ಊಟ ಮಾಡಿಸುವಾಗ ಟೀವಿಯಲ್ಲಿ ಹಾಕುವಂಥದ್ದು. ಅದಕ್ಕಾಗಿ ಒಂದು ಊರು ವರ್ಷಾವರ್ಷ ಉತ್ಸವ ಮಾಡುತ್ತದಾ? ಅಂಥದ್ದು ಏನಿದೆ ಅದರಲ್ಲಿ?
– ನಿವೃತ್ತ ಶಿಕ್ಷಕರು, ಹಳೇಬೀಡು

ಮೇಷ್ಟ್ರೇ, ನಿಮ್ಮೂರಿನ ದೇವಸ್ಥಾನದಿಂದಲೇ ಶುರು ಮಾಡುತ್ತೇನೆ. ಹೊಯ್ಸಳೇಶ್ವರದ ಗೋಡೆಯ ಮೇಲೆ ಕೆಳಗಿಂದ ಮೇಲಕ್ಕೆ ಸಾಲು ಸಾಲಾಗಿ ಆನೆ, ಸಿಂಹ, ಬಳ್ಳಿ, ಕುದುರೆ ಇವೆ. ಅವುಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ನಾವು ಸುತ್ತು ಬರುತ್ತಾ ಹೋದರೆ ಕಥೆ ಮುಂದಕ್ಕೆ ಹೋಗುತ್ತದೆ, ನಿಂತರೆ ಅದೂ ನಿಲ್ಲುತ್ತದೆ. ಆನಿಮೇಷನ್‌ನಲ್ಲಿ ನಾವು ಕೂತಿರುತ್ತೇವೆ, ಚಿತ್ರ ನಡೆಯುತ್ತದೆ. ಆ ಗೋಡೆಯನ್ನು ಯಾರೂ ಮಕ್ಕಳಾಟ ಅನ್ನುವುದಿಲ್ಲ ಅಲ್ವಾ?

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದಾದ ಮೇಲೊಂದು ಬರುವ 24 ಬಿಡಿ ಚಿತ್ರ. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ, 5 ನಿಮಿಷದ ಸಿನಿಮಾಗೆ 3600 ಚಿತ್ರ. ಕೆಲವರು ಪೆನ್ಸಿಲ್ ಬಿಟ್ಟು ಗಾಜಿನ ಮೇಲೆ ಮರಳು ಹರಡಿ ಮಾಡುತ್ತಾರೆ, ಕೆಲವರು ಜೇಡಿಮಣ್ಣಿನ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದೇ ಫೋಟೊ ತೆಗೆಯುತ್ತಾರೆ. ಗುಜರಾತಿನಲ್ಲಿ ಹುಟ್ಟಿ ಕೆನಡಾದಲ್ಲಿ ಕೆಲಸ ಮಾಡಿದ ಇಶು ಪಟೇಲ್ ಅವರು ಬರೀ ಮಣಿಗಳನ್ನು ಜೋಡಿಸಿ, ಸರಿಸಿ ಮಾಡಿದ ಒಂದು ಕಿರುಚಿತ್ರ ಆಸ್ಕರ್ ನಾಮನಿರ್ದೇಶನದವರೆಗೆ ಹೋಗಿತ್ತು. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ತೋರಿಸೋಕೆ ನಮ್ಮ ಥಿಯೇಟರುಗಳಲ್ಲಿ ಜಾಗ ಇಲ್ಲ. ಐದು ನಿಮಿಷದ ಸಿನಿಮಾಗೆ ಯಾರು ಟಿಕೆಟ್ ಕೊಡುತ್ತಾರೆ, ಯಾರು ಕೊಳ್ಳುತ್ತಾರೆ? ಆನ್ಸಿ ಆ ಜಾಗ ಕೊಟ್ಟಿತು. ಶುರುವಾಗಿದ್ದು 1960ರಲ್ಲಿ. ತುಂಬಾ ಕಾಲ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು, 1998ರಿಂದ ಪ್ರತಿ ವರ್ಷ ನಡೆಯುತ್ತಿದೆ. ಆಲ್ಪ್ಸ್ ಬೆಟ್ಟಗಳ ಬುಡದ ಊರು, ಪಕ್ಕದಲ್ಲೇ ದೊಡ್ಡ ಸರೋವರ. ರಾತ್ರಿಯಾದರೆ ಸರೋವರದ ದಂಡೆಯ ಹುಲ್ಲಿನ ಮೇಲೆ ದೊಡ್ಡ ಪರದೆ ಕಟ್ಟಿ ಪುಕ್ಕಟೆಯಾಗಿ ತೋರಿಸುತ್ತಾರೆ. ಜನ ಚಾಪೆ, ಹೊದಿಕೆ, ಬುತ್ತಿ ಸಮೇತ ಬರುತ್ತಾರೆ. ನಮ್ಮ ಕಡೆ ಬಯಲಾಟಕ್ಕೆ ಹೋಗುತ್ತಿದ್ದೆವಲ್ಲ, ಹಾಗೆಯೇ.

ಅಲ್ಲಿ ನೋಡಿದ ಒಂದು ಸಿನಿಮಾ ಮಾತ್ರ ಹೇಳದೆ ಬಿಡಲಾರೆ. ‘ಫ್ಲೋ’ ಅಂತ, ಲಾಟ್ವಿಯಾ ದೇಶದ್ದು. ಮನುಷ್ಯರೇ ಇಲ್ಲದ ಲೋಕಕ್ಕೆ ನೀರು ನುಗ್ಗುತ್ತದೆ. ಒಂದು ಬೆಕ್ಕು ದೋಣಿಯೊಂದನ್ನು ಸೇರಿಕೊಳ್ಳುತ್ತದೆ, ಬೇರೆ ಪ್ರಾಣಿಗಳೂ ಜೊತೆಯಾಗುತ್ತವೆ. ಪೂರ್ತಿ ಸಿನಿಮಾದಲ್ಲಿ ಒಂದೂ ಮಾತಿಲ್ಲ. ನೀರು ಏರುತ್ತಾ ಏರುತ್ತಾ ಬೆಕ್ಕು ನಿಲ್ಲಲು ಜಾಗ ಹುಡುಕುವಾಗ ನನಗೆ 2019ರ ಆಗಸ್ಟ್ ಮಳೆ ಕಣ್ಣ ಮುಂದೆ ಬಂತು. ಮೂಡಿಗೆರೆ ಕಡೆ ಗುಡ್ಡ ಜಾರಿ ಜನ ಮನೆ ಬಿಟ್ಟು ಬಂದ ದಿನಗಳು ಅವು. ಪರಿಚಯದ ಒಬ್ಬರು ದನದ ಹಗ್ಗ ಬಿಚ್ಚಿ ಬಿಟ್ಟು, ತಾವು ಉಟ್ಟ ಬಟ್ಟೆಯಲ್ಲೇ ಬಂದಿದ್ದರು. ದನ ಎಲ್ಲಿಗೆ ಹೋದವೋ ಅಂತ ಎಷ್ಟು ದಿನ ಕೇಳುತ್ತಿದ್ದರು. ಲಾಟ್ವಿಯಾದ ಹುಡುಗ ಮಾಡಿದ ಸಿನಿಮಾ, ಫ್ರಾನ್ಸಿನ ಸಭಾಂಗಣ, ನನ್ನ ಕಣ್ಣಲ್ಲಿ ನೀರು ಮಲೆನಾಡಿನದ್ದು. ಇದಕ್ಕಿಂತ ಚೆನ್ನಾಗಿ ನಿಮಗೆ ಉತ್ತರ ಕೊಡೋಕೆ ನನಗೆ ಗೊತ್ತಿಲ್ಲ ಮೇಷ್ಟ್ರೇ.

ಪ್ರಶ್ನೆ: ಅಕ್ಕ, ಅಲ್ಲಿ ಥಿಯೇಟರಿನಲ್ಲಿ ಕಾಗದದ ವಿಮಾನ ಬಿಡುತ್ತಾರಂತೆ. ನಿಜವಾ?
– ವಿದ್ಯಾರ್ಥಿ, ಕಡೂರು

ನಿಜ. ಸಿನಿಮಾ ಶುರುವಾಗುವ ಮುಂಚೆ ಸಭಾಂಗಣದ ತುಂಬಾ ವಿಮಾನಗಳು. ಯಾರದ್ದಾದರೂ ಪರದೆಯ ಹತ್ತಿರ ವೇದಿಕೆಯವರೆಗೆ ಹೋದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪರದೆಯ ಮೇಲೆ ಮೊಲ ಕಂಡರೆ ‘ಲಪ್ಯಾಂ’ ಅಂತ ಕೂಗುತ್ತಾರೆ, ಫ್ರೆಂಚಿನಲ್ಲಿ ಮೊಲ ಅಂತ ಅರ್ಥ. ದೀಪ ಆರಿ ಸಿನಿಮಾ ಶುರುವಾದ ಮೇಲೆ ಅದೊಂದು ಬಿಟ್ಟರೆ ನಿಶ್ಶಬ್ದ. ಕೊನೆಯ ಹೆಸರು ಹೋಗುವವರೆಗೂ ಯಾರೂ ಏಳುವುದಿಲ್ಲ. ನನಗೆ ವಿಮಾನಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು.

ಪ್ರಶ್ನೆ: ನಮ್ಮ ದೇಶದವರು ಅಲ್ಲಿ ಬಹುಮಾನ ಪಡೆದಿದ್ದಾರಾ?
– ಸಕಲೇಶಪುರದ ಓದುಗರು

ಪಡೆದಿದ್ದಾರೆ. 2020ರಲ್ಲಿ ಕೊರೊನಾ ಕಾರಣಕ್ಕೆ ಉತ್ಸವ ಆನ್‌ಲೈನ್‌ನಲ್ಲೇ ನಡೆದಿತ್ತು. ಆ ವರ್ಷ ಉಪಮನ್ಯು ಭಟ್ಟಾಚಾರ್ಯ ಮತ್ತು ಕಲ್ಪ್ ಸಂಘ್ವಿ ಮಾಡಿದ ‘ವೇಡ್’ ಕಿರುಚಿತ್ರಕ್ಕೆ ಆನ್ಸಿ ನಗರದ ಹೆಸರಿನ ಪ್ರಶಸ್ತಿ ಬಂತು. ಮುಳುಗಿಹೋದ ಕೋಲ್ಕತ್ತಾ, ಅಲ್ಲಿ ಉಳಿದ ಜನ, ಹುಲಿಗಳು. ಪಾಪ, ಅಂಥ ಗೆಲುವು ಬಂದ ವರ್ಷವೇ ಆ ಸಭಾಂಗಣದ ಚಪ್ಪಾಳೆ ಕೇಳುವ ಭಾಗ್ಯ ಅವರಿಗೆ ಸಿಗಲಿಲ್ಲ.

ಪ್ರಶ್ನೆ: ಮಗ ಸೆಕೆಂಡ್ ಪಿಯು. ಹೊತ್ತು ಹೊತ್ತಿಗೂ ನೋಟ್‌ಬುಕ್ಕಿನ ಮೂಲೆಯಲ್ಲಿ ಚಿತ್ರ ಬಿಡಿಸಿ ಪುಟ ಸರಸರ ಹಾರಿಸಿ ತೋರಿಸುತ್ತಾನೆ. ಆನಿಮೇಷನ್ ಓದುತ್ತೇನೆ ಅಂತಾನೆ, ಅವರಪ್ಪ ಇಂಜಿನಿಯರಿಂಗ್ ಅಂತಾರೆ. ಇದರಲ್ಲಿ ಹೊಟ್ಟೆ ತುಂಬುತ್ತಾ?
– ಒಬ್ಬ ತಾಯಿ, ಹಾಸನ

ಇದ್ದದ್ದು ಇದ್ದಹಾಗೆ ಹೇಳುತ್ತೇನೆ ಅಮ್ಮ. ನಾನು ಬೆಂಗಳೂರಿನ ಸ್ಟುಡಿಯೊಗಳಲ್ಲಿ 14 ವರ್ಷ ಕೆಲಸ ಮಾಡಿದವಳು. ಕೆಲಸ ಇದೆ, ಆದರೆ ಹೆಚ್ಚಿನದು ಹೊರದೇಶದ ಕಂಪನಿಗಳು ಬರೆದ ಕಥೆಗೆ ಇಲ್ಲಿ ಕೂತು ಪಾತ್ರಗಳನ್ನು ನಡೆಸುವ ಕೆಲಸ. ಪ್ರಾಜೆಕ್ಟ್ ಮುಗಿದಾಗ ಜನರನ್ನು ಮನೆಗೆ ಕಳಿಸುವುದೂ ಉಂಟು. ನನಗೂ ಒಮ್ಮೆ ಹಾಗಾಗಿದೆ. ಮೂರು ತಿಂಗಳು ಸಂಬಳ ಇಲ್ಲದೆ ಚಿಕ್ಕಮಗಳೂರಿಗೆ ಬಂದು ಅಮ್ಮನ ಮನೆಯಲ್ಲಿದ್ದೆ. ಇದು ಗೊತ್ತಿದ್ದೇ ಇಳಿಯಬೇಕು.

ಗೊತ್ತಿದ್ದೂ ಅವನು ಇಳಿಯುತ್ತೇನೆ ಅಂದರೆ ತಡೆಯಬೇಡಿ. ಪಿಯುನಲ್ಲಿ ಯಾವ ವಿಷಯ ತೆಗೆದುಕೊಂಡಿದ್ದರೂ ಅಹಮದಾಬಾದಿನ ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಪ್ರವೇಶ ಪರೀಕ್ಷೆ ಬರೆಯಬಹುದು, ಅಲ್ಲಿ ಆನಿಮೇಷನ್ ಕಲಿಸುತ್ತಾರೆ. ಸಿಗುವುದು ಸುಲಭವಲ್ಲ, ಆದರೂ ಬರೆಯಲಿ. ‘ಎರಡೇ ವರ್ಷದಲ್ಲಿ ಕೆಲಸ ಗ್ಯಾರಂಟಿ’ ಅಂತ ಬೋರ್ಡ್ ಹಾಕಿ ಲಕ್ಷಗಟ್ಟಲೆ ಫೀಸು ಕೇಳುವ ಕಡೆ ಹೋದರೆ ಮೊದಲು ಅಲ್ಲಿ ಓದಿದವರು ಮಾಡಿದ ಸಿನಿಮಾ ತೋರಿಸಿ ಅಂತ ಕೇಳಿ. ತೋರಿಸೋಕೆ ತಡವರಿಸಿದರೆ ಅಲ್ಲಿಂದ ಬಂದುಬಿಡಿ.

ಅವರಪ್ಪನಿಗೆ ಈ ವಿಷಯ ಹೇಳಿ ನೋಡಿ. ‘ಫ್ಲೋ’ ಮಾಡಿದ ಗಿಂಟ್ಸ್ ಜಿಲ್ಬಲೋಡಿಸ್ ಅದಕ್ಕೂ ಮುಂಚೆ ಒಂದು ಪೂರ್ತಿ ಸಿನಿಮಾವನ್ನು ಒಬ್ಬನೇ ಕೂತು ಮಾಡಿದ್ದ. 2019ರಲ್ಲಿ ಆನ್ಸಿಯಲ್ಲಿ ಅದಕ್ಕೂ ಪ್ರಶಸ್ತಿ ಬಂತು. ‘ಫ್ಲೋ’ ಮಾಡಿದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ. ಅದು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದಾದ್ದು, ನಿಮ್ಮ ಮಗನೂ ಇವತ್ತೇ ಇಳಿಸಿಕೊಳ್ಳಬಹುದು. ಆ ಸಿನಿಮಾ ಆನ್ಸಿಯಲ್ಲಿ ನಾಲ್ಕು ಪ್ರಶಸ್ತಿ ಗೆದ್ದು, 2025ರಲ್ಲಿ ಆಸ್ಕರ್ ಕೂಡ ತಂದಿತು. ಲಾಟ್ವಿಯಾದ ಜನಸಂಖ್ಯೆ 19 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯದ್ದು ಹತ್ತಿರ ಹತ್ತಿರ 18 ಲಕ್ಷ. ಒಂದು ಜಿಲ್ಲೆಯಷ್ಟು ದೇಶ ಅದು.

ಇನ್ನೊಂದು ಮಾತು, ಇದು ಮಗನಿಗೆ. ತಮ್ಮಾ, ಮೊದಲ ಕಥೆಗೆ ದೂರ ಹೋಗಬೇಡ. ಭಾನುವಾರ ಶೆಟ್ಟಿಹಳ್ಳಿಗೆ ಹೋಗು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೇಲೆ ಬರುವ ಆ ಹಳೇ ಚರ್ಚಿನ ಎದುರು ಸುಮ್ನೆ ಒಂದು ಗಂಟೆ ಕೂತುಕೋ. ಊರು ಬಿಟ್ಟುಹೋದವರು ಯಾರಾದರೂ ಸಿಕ್ಕರೆ ಮಾತಾಡಿಸು. ಮೂವತ್ತು ಸೆಕೆಂಡಿನ ಸಿನಿಮಾ ಸಾಕು. 360 ಚಿತ್ರ ಆಗುತ್ತದೆ, ದಿನಕ್ಕೆ ನಾಲ್ಕರಂತೆ ಬಿಡಿಸಿದರೆ ಮೂರು ತಿಂಗಳು. ಪಿಯು ಪರೀಕ್ಷೆ ಮುಗಿಸಿಕೊಂಡು ಶುರು ಮಾಡು. ಮುಗಿದರೆ ಈ ಪತ್ರಿಕೆಗೆ ಕಳಿಸು, ನಾನು ಖಂಡಿತ ನೋಡುತ್ತೇನೆ.

ಪ್ರಶ್ನೆ: ನಾವು ಆರೇಳು ಜನ ಸ್ನೇಹಿತರು. ಆನ್ಸಿಗೆ ಹೋಗೋಕೆ ನಮ್ಮಿಂದ ಆಗಲ್ಲ. ಇಲ್ಲೇ ಚಿಕ್ಕದಾಗಿ ಒಂದು ದಿನ ಮಾಡಬಹುದಾ?
– ಚಿಕ್ಕಮಗಳೂರು

ಇಡೀ ರಾಶಿಯಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ ಇದು. ಮಾಡಬಹುದು, ದಯವಿಟ್ಟು ಮಾಡಿ.

ದಿನವನ್ನು ನಾನೇ ಹೇಳುತ್ತೇನೆ: ಅಕ್ಟೋಬರ್ 28. 1892ರಲ್ಲಿ ಅದೇ ದಿನ ಪ್ಯಾರಿಸ್ಸಿನಲ್ಲಿ ಎಮಿಲ್ ರೆನೊ ಎಂಬಾತ ಕೈಯಲ್ಲಿ ಬಿಡಿಸಿದ ಚಿತ್ರಗಳನ್ನು ಪರದೆಯ ಮೇಲೆ ಓಡಿಸಿ ಜನರಿಗೆ ತೋರಿಸಿದ. ಕ್ಯಾಮೆರಾದಲ್ಲಿ ತೆಗೆದ ಸಿನಿಮಾವನ್ನು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನ ಜನರಿಗೆ ತೋರಿಸಿದ್ದಕ್ಕಿಂತ ಮೂರು ವರ್ಷ ಮುಂಚೆ! ಅದರ ನೆನಪಿಗೆ ಬೇರೆ ಬೇರೆ ದೇಶಗಳಲ್ಲಿ ಅವತ್ತು ಆನಿಮೇಷನ್ ದಿನ ಆಚರಿಸುತ್ತಾರೆ. ನಮ್ಮಲ್ಲೂ ಅಷ್ಟೊತ್ತಿಗೆ ಮಳೆಯ ಜೋರು ಇಳಿದಿರುತ್ತದೆ. ಹಾಸನದವರು ಮಾಡುವುದಾದರೆ ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳನ್ನು ನೋಡಿಕೊಳ್ಳಿ, ಆಗ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಯಾವುದಾದರೂ ಶಾಲೆಯ ಹಾಲ್, ಬಿಳಿ ಪಂಚೆ, ಕಿಟಕಿಗೆ ಕಪ್ಪು ಬಟ್ಟೆ ಸಾಕು. ಯೂಟ್ಯೂಬ್‌ನಿಂದ ಇಳಿಸಿ ಮಾತ್ರ ತೋರಿಸಬೇಡಿ. ಮಾಡಿದವರಿಗೆ ಇಮೇಲ್ ಬರೆದು ಅನುಮತಿ ಕೇಳಿ. ಕಿರುಚಿತ್ರ ಮಾಡುವವರು ಜನ ನೋಡಲಿ ಅಂತಲೇ ಕಾಯುತ್ತಿರುತ್ತಾರೆ, ಎಷ್ಟೋ ಜನ ಒಪ್ಪುತ್ತಾರೆ. ಒಂದೂವರೆ ಗಂಟೆ ಮೀರಬೇಡಿ. ಮಾತಿಲ್ಲದ ಸಿನಿಮಾ ಜಾಸ್ತಿ ಇರಲಿ, ಆಗ ಅಜ್ಜಿಯೂ ನೋಡಬಹುದು, ಒಂದನೇ ಕ್ಲಾಸಿನ ಮಗುವೂ ನೋಡಬಹುದು. ಭಾಷಣ, ಹಾರ, ಶಾಲು ಬೇಡವೇ ಬೇಡ.

ದಿನ ಗೊತ್ತಾದ ತಕ್ಷಣ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಪ್ರೊಜೆಕ್ಟರ್ ನನ್ನ ಹತ್ತಿರ ಇದೆ, ತರುತ್ತೇನೆ. ವಿಮಾನ ಮಡಿಸೋಕೆ ಹಳೇ ನೋಟ್‌ಬುಕ್ಕಿನ ಹಾಳೆ ಮಕ್ಕಳೇ ತರಲಿ.