ಸಂಬಳ ಹೆಚ್ಚಿಸಲು ಇರುವ ದುಡ್ಡು ಕಡಿಮೆ, ಟೀಮಿನಲ್ಲಿ ಒಂಬತ್ತು ಜನ: ನ್ಯಾಯವಾಗಿ ಹಂಚುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಹೊಸದಾಗಿ ಮ್ಯಾನೇಜರ್ ಆಗಿದ್ದೀರಿ, ಕೈಕೆಳಗೆ ಒಂಬತ್ತು ಜನ ಇದ್ದಾರೆ, ಈ ವರ್ಷ ಇನ್‌ಕ್ರಿಮೆಂಟ್‌ಗೆ ಅಂತ ಸಿಕ್ಕಿರುವುದು ಒಟ್ಟು ಸಂಬಳದ ಶೇ 5 ಮಾತ್ರ. ಎಲ್ಲರಿಗೂ ಸಮನಾಗಿ ಶೇ 5 ಕೊಟ್ಟುಬಿಟ್ಟರೆ ಯಾರೂ ಬೆರಳು ತೋರಿಸುವ ಹಾಗಿರಲ್ಲ ಅಲ್ವಾ ಅಂತ.

ನಾನೂ ಹಾಗೇ ಅಂದುಕೊಂಡಿದ್ದೆ. ಮ್ಯಾನೇಜರ್ ಆದ ಮೊದಲ ವರ್ಷ ಸುಮ್ನೆ ಎಲ್ಲರಿಗೂ ಒಂದೇ ಪರ್ಸೆಂಟ್ ಹಾಕಿ, ಫೈಲ್ ಕಳಿಸಿ, ನಿರಾಳವಾಗಿ ಕೂತಿದ್ದೆ. ಒಂದು ವಾರದ ನಂತರ ಆರು ವರ್ಷದಿಂದ ಕೆಲಸದಲ್ಲಿದ್ದ ಒಬ್ಬರು ಒಳಗೆ ಬಂದರು. ಕುರ್ಚಿ ಎಳೆದುಕೊಂಡು ಕೂತು ಒಂದೇ ಪ್ರಶ್ನೆ ಕೇಳಿದರು: 'ಸರ್, ಹೋದ ವರ್ಷ ಸೇರಿದವನಿಗೂ ನನಗೂ ಒಂದೇ ಸಂಬಳ ಅಂತೆ, ಹೌದಾ?'

ಒಂದೇ ಅಲ್ಲ, ಅವನಿಗೇ ಸ್ವಲ್ಪ ಜಾಸ್ತಿ ಇತ್ತು. ಅವನಿಗೆ ಕೆಲಸ ಕಲಿಸಿದ್ದು ಈಕೆ. ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ. ಹೊಸಬರು ಆ ಹೊತ್ತಿನ ಮಾರ್ಕೆಟ್ ರೇಟಿಗೆ ಸೇರುತ್ತಾರೆ, ಹಳಬರು ಎಂದೋ ಸೇರಿದ ಸಂಬಳದ ಮೇಲೆ ವರ್ಷಕ್ಕೆ ಇಷ್ಟಿಷ್ಟು ಅಂತ ತೆವಳುತ್ತಾ ಬರುತ್ತಾರೆ, ಹಾಗಾಗಿ ಎಲ್ಲೋ ಒಂದು ಕಡೆ ಹೊಸಬರು ಹಳಬರನ್ನು ದಾಟಿಬಿಡುತ್ತಾರೆ. ಅದರ ಮೇಲೆ ನಾನು ಇಬ್ಬರಿಗೂ ಒಂದೇ ಪರ್ಸೆಂಟ್ ಕೊಟ್ಟಿದ್ದೆ. ಜಾಸ್ತಿ ಸಂಬಳದ ಶೇ 5 ಜಾಸ್ತಿಯೇ ಬರುತ್ತದೆ, ಅಂದರೆ ಅಂತರ ಇನ್ನಷ್ಟು ಅಗಲವಾಯಿತು. ನಾನು ಮಾಡಿದ 'ಸಮಾನತೆ' ಇದು. ಅವರಿಗೆ ಉತ್ತರ ಏನು ಕೊಟ್ಟೆ ಗೊತ್ತಾ? 'ಸಂಬಳದ ವಿಷಯ ಗೌಪ್ಯ, ಮಾತಾಡುವ ಹಾಗಿಲ್ಲ.' 'ಸರಿ ಸರ್' ಅಂತ ಎದ್ದು ಹೋದರು. ಎರಡು ತಿಂಗಳಿಗೆ ರಾಜೀನಾಮೆ ಬಂತು. ಅವರ ಜಾಗಕ್ಕೆ ತಂದವರಿಗೆ ಕೊಟ್ಟ ಸಂಬಳದಲ್ಲಿ ಇವರ ಅಂತರವನ್ನು ಎರಡು ಸಲ ತುಂಬಬಹುದಿತ್ತು.

ಹಾಗಾಗಿ ಪರ್ಸೆಂಟ್ ಲೆಕ್ಕಕ್ಕೆ ಕೈ ಹಾಕುವ ಮೊದಲು ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಒಂಬತ್ತು ಸಾಲು. ಯಾರು, ಏನು ಕೆಲಸ, ಎಷ್ಟು ವರ್ಷದಿಂದ, ಈಗಿನ ಸಂಬಳ, ಕೊನೆಯ ಸಲ ಹೆಚ್ಚಾದದ್ದು ಯಾವಾಗ. ಕೊನೆಗೆ ಇನ್ನೊಂದು ಕಾಲಂ: ಪಕ್ಕದವರಿಗಿಂತ ಜಾಸ್ತಿ ಅಥವಾ ಕಡಿಮೆ ಇದ್ದರೆ ಯಾಕೆ. ಬೆವರು ಬರುವುದು ಈ ಕಾಲಂ ತುಂಬುವಾಗ. ಜವಾಬ್ದಾರಿ ಜಾಸ್ತಿ, ಕಷ್ಟದ ಕೆಲಸ, ಅನುಭವ, ಇವೆಲ್ಲ ಕಾರಣಗಳೇ. ಸೇರುವಾಗ ಚೆನ್ನಾಗಿ ಚೌಕಾಸಿ ಮಾಡಿದ, ಹಳೇ ಮ್ಯಾನೇಜರ್‌ಗೆ ಇಷ್ಟದವನಾಗಿದ್ದ, ಇವು ಕಾರಣ ಅಲ್ಲ. ಕಾರಣ ಬರೆಯಲು ಆಗದ ಸಾಲುಗಳು ಎರಡೋ ಮೂರೋ ಸಿಕ್ಕೇ ಸಿಗುತ್ತವೆ. ನಿಮ್ಮ ಐದರಲ್ಲಿ ಮೊದಲು ಒಂದು ಪಾಲು ಎತ್ತಿಟ್ಟು ಅವನ್ನು ಸರಿ ಮಾಡಿ. ಒಂದೇ ವರ್ಷದಲ್ಲಿ ಪೂರ್ತಿ ಆಗಲಿಕ್ಕಿಲ್ಲ, ಎರಡು ವರ್ಷ ಹಿಡಿಯಲಿ. ಉಳಿದದ್ದನ್ನು ಆಮೇಲೆ ಕೆಲಸ ನೋಡಿ ಹಂಚಿ.

ಹೀಗೆ ಹಂಚಿಟ್ಟುಕೊಂಡಿರುವಾಗಲೇ ಒಬ್ಬರು ಬೇರೆ ಕಂಪನಿಯ ಆಫರ್ ಲೆಟರ್ ಹಿಡಿದುಕೊಂಡು ಬರುತ್ತಾರೆ. ಒಟ್ಟು ಸಂಬಳ ನೂರು ಅಂತ ಇಟ್ಟುಕೊಳ್ಳಿ, ನಿಮ್ಮ ಕೈಯಲ್ಲಿರುವುದು 5. ಬಂದವರ ಸಂಬಳ ಆ ನೂರರಲ್ಲಿ 15, ಕೇಳುತ್ತಿರುವುದು ಶೇ 20 ಜಾಸ್ತಿ. ಹೆದರಿ ಒಪ್ಪಿಕೊಂಡಿರಿ ಅಂದರೆ 3 ಹೋಯಿತು. ಉಳಿದ ಎಂಟು ಜನರ ಸಂಬಳ 85, ಅವರಿಗೆಲ್ಲ ಸೇರಿ ಉಳಿದದ್ದು 2. ತಲಾ ಶೇ 2.4 ಕೂಡ ಬರಲ್ಲ. ಜೊತೆಗೆ ಸಂಬಳ ಜಾಸ್ತಿ ಆಗಬೇಕಾದರೆ ಬೇರೆ ಕಡೆ ಇಂಟರ್ವ್ಯೂ ಕೊಡಬೇಕು ಅಂತ ಆ ಎಂಟು ಜನರಿಗೂ ನೀವೇ ಹೇಳಿಕೊಟ್ಟ ಹಾಗಾಯಿತು. ಹೊರಟವರನ್ನು ಉಳಿಸಿಕೊಳ್ಳಲು ಹೀಗೆ ಸಂಬಳ ಹೆಚ್ಚಿಸುವುದಕ್ಕೆ ಕೌಂಟರ್ ಆಫರ್ ಅಂತಾರೆ; ಅದನ್ನು ಕೊಡಲೇಬಾರದು ಅನ್ನುವವನಲ್ಲ ನಾನು, ಒಂದು ಸಲ ಕೊಟ್ಟಿದ್ದೇನೆ. ಆದರೆ ಅವರ ಸಾಲಿನಲ್ಲಿ ಮೊದಲೇ ಕಾರಣವಿಲ್ಲದ ಕೊರತೆ ಇತ್ತು, ಅದನ್ನು ತುಂಬಿದೆ ಅಷ್ಟೇ.

ಬಜೆಟ್‌ನಲ್ಲಿ ಹೊಸಬರು ಬೀಳುವ ಹಳ್ಳ ಇನ್ನೊಂದಿದೆ. ಒಬ್ಬರು ಬಿಟ್ಟುಹೋಗಿ ನಾಲ್ಕು ತಿಂಗಳು ಆ ಜಾಗ ಖಾಲಿ ಇತ್ತು ಅನ್ನಿ. ಅದೇ ನೂರರ ಲೆಕ್ಕದಲ್ಲಿ ಒಂಬತ್ತರಲ್ಲಿ ಒಬ್ಬರ ಸಂಬಳ ಸುಮಾರು 11, ಅದರ ಮೂರನೇ ಒಂದು ಭಾಗ ಉಳಿಯಿತು, ಹತ್ತಿರ ಹತ್ತಿರ 3.7. ನಿಮ್ಮ ಐದರ ಪಕ್ಕದಲ್ಲಿ ಇದು ದೊಡ್ಡ ಗಂಟಾಗಿ ಕಾಣುತ್ತದೆ, ಹಂಚಿಬಿಡೋಣ ಅನಿಸುತ್ತದೆ. ಹಂಚಿ, ಆದರೆ ಬೋನಸ್ ಆಗಿ ಹಂಚಿ, ಸಂಬಳಕ್ಕೆ ಸೇರಿಸಬೇಡಿ. ಉಳಿತಾಯ ಒಂದು ಸಲದ್ದು, ಸಂಬಳ ಪ್ರತಿ ತಿಂಗಳದ್ದು. ಹಾಗೆಯೇ ವರ್ಷದ ಮಧ್ಯೆ ಹೆಚ್ಚಿಸಿದ ಸಂಬಳ ಈ ವರ್ಷದ ಲೆಕ್ಕದಲ್ಲಿ ಆರು ತಿಂಗಳದ್ದು ಮಾತ್ರ ಕಾಣುತ್ತದೆ, ಮುಂದಿನ ವರ್ಷ ಪೂರ್ತಿ ಹನ್ನೆರಡು ತಿಂಗಳದ್ದು ಬಂದು ಕೂರುತ್ತದೆ. ಆಗ ಫೈನಾನ್ಸ್‌ನವರು ನಿಮ್ಮನ್ನೇ ಕೇಳುವುದು. ತಿಂಗಳ ಕೊನೆಗೆ ಖರ್ಚಾದದ್ದು ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ಅದರ ಪಕ್ಕದಲ್ಲೇ ಮಾತು ಕೊಟ್ಟು ಇನ್ನೂ ಬಿಲ್ ಬಾರದೇ ಇರುವುದನ್ನೂ ಬರೆದುಕೊಳ್ಳಿ, ನಿಜವಾಗಿ ಉಳಿದದ್ದು ಎಷ್ಟು ಅನ್ನುವುದು ಆಗ ತಿಳಿಯುತ್ತದೆ.

ದುಡ್ಡಿನ ಮಾತು ಇಷ್ಟು ಸಾಕು. ದುಡ್ಡು ಕಡಿಮೆ ಇರುವುದನ್ನು ಜನ ತಡೆದುಕೊಳ್ಳುತ್ತಾರೆ. ಯಾಕೆ ಅಂತ ಹೇಳದೇ ಇರುವುದನ್ನು ತಡೆದುಕೊಳ್ಳುವುದಿಲ್ಲ. ಇದು ನನ್ನ ಅನುಭವ ಮಾತ್ರ ಅಲ್ಲ. ಜೆರಾಲ್ಡ್ ಗ್ರೀನ್‌ಬರ್ಗ್ ಅನ್ನುವ ಸಂಶೋಧಕ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಕಂಪನಿಯ ಮೂರು ಫ್ಯಾಕ್ಟರಿ. ಆರ್ಡರ್ ಕೈತಪ್ಪಿದ್ದರಿಂದ ಎರಡರಲ್ಲಿ ಹತ್ತು ವಾರ ಸಂಬಳ ಶೇ 15 ಕಡಿತ ಮಾಡಿದರು, ಮೂರನೆಯದರಲ್ಲಿ ಕಡಿತ ಇಲ್ಲ. ಕಡಿತವಾದ ಒಂದು ಫ್ಯಾಕ್ಟರಿಯಲ್ಲಿ ಮೇಲಿನವರು ಸುಮಾರು ಒಂದೂವರೆ ಗಂಟೆ ಕೂತು, ಲೆಕ್ಕ ತೋರಿಸಿ, ಬೇಜಾರು ವ್ಯಕ್ತಪಡಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಹದಿನೈದು ನಿಮಿಷದಲ್ಲಿ ವಿಷಯ ಹೇಳಿ ಮುಗಿಸಿದರು. ಆ ಹತ್ತು ವಾರ ಎರಡೂ ಕಡೆ ಸಾಮಾನು ಕಳವು ಹೆಚ್ಚಾಯಿತು, ಆದರೆ ಹದಿನೈದು ನಿಮಿಷದ ಕಡೆ ತುಂಬಾ ಜಾಸ್ತಿ. ಸಂಬಳ ಮೊದಲಿನ ಹಾಗೆ ಆದ ಮೇಲೆ ಕಳವು ಇಳಿಯಿತು. ಎರಡೂ ಕಡೆ ಕಡಿತ ಒಂದೇ ಶೇ 15, ಬೇರೆ ಇದ್ದದ್ದು ಹೇಳಿದ ರೀತಿ.

ನಿಮ್ಮಲ್ಲಿ ಯಾರೂ ಏನೂ ಕದಿಯಲಿಕ್ಕಿಲ್ಲ. ಆದರೆ ಹೊತ್ತು ಕದಿಯುತ್ತಾರೆ, ಮನಸ್ಸು ಎತ್ತಿಟ್ಟುಕೊಂಡು ಬರೀ ಕೈಯಲ್ಲಿ ಕೆಲಸ ಮಾಡುತ್ತಾರೆ.

ಹಾಗಾದರೆ ಎಲ್ಲರ ಸಂಬಳವನ್ನೂ ಗೋಡೆಗೆ ಅಂಟಿಸಬೇಕಾ ಅಂತ ಕೇಳಬಹುದು. ನನ್ನ ಮಟ್ಟಿಗೆ ಬೇಡ. ಸಂಖ್ಯೆ ಗುಟ್ಟಾಗಿರಲಿ, ನಿಯಮ ಗುಟ್ಟಾಗಿರಬಾರದು. ಒಂಬತ್ತು ಜನರನ್ನೂ ಒಟ್ಟಿಗೆ ಕೂರಿಸಿ ಸಿಕ್ಕಿರುವುದು ಶೇ 5 ಅಂತಲೇ ಹೇಳಿ. ಒಂದು ಪಾಲು ಹಳೇ ಅಂತರ ತುಂಬಲು, ಒಂದು ಪಾಲು ಈ ವರ್ಷದ ಕೆಲಸಕ್ಕೆ, ಕೆಲಸ ಅಳೆಯುವುದು ಹೀಗೆ ಅಂತ ಬಿಡಿಸಿ ಹೇಳಿ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಅವರವರ ಸಂಖ್ಯೆ ಹೇಳಿ. ಎರಡನೆಯ ವರ್ಷ ನಾನು ಹೀಗೆ ಮಾಡಿದಾಗ ಇಬ್ಬರು ಮುಖ ಸಿಂಡರಿಸಿಕೊಂಡರು, ಒಬ್ಬರು ಜಗಳವನ್ನೂ ಆಡಿದರು. ಆದರೆ ಜಗಳ ನನ್ನ ರೂಮಿನಲ್ಲೇ ಆಯಿತು, ಕಾರಿಡಾರಿನಲ್ಲಿ ಅಲ್ಲ. ನನಗೆ ಅಷ್ಟು ಸಾಕಿತ್ತು.

ಇನ್ನು ಬಜೆಟ್‌ನಿಂದ ಒಂದು ಪೈಸೆಯೂ ಕೇಳದ ಕೆಲಸ ಒಂದಿದೆ, ಅದನ್ನು ಯಾಕೋ ಜನ ಮರೆಯುತ್ತಾರೆ. ರಜೆ, ಶಿಫ್ಟ್, ಯಾರಿಗೂ ಬೇಡದ ಕೆಲಸ, ಇವನ್ನು ಹಂಚುವುದು. ನಾನು ಮೂರು ತಿಂಗಳು ಒಂದು ನೋಟ್‌ಬುಕ್‌ನಲ್ಲಿ ರಜಾದಿನ ಯಾರು ಕೆಲಸಕ್ಕೆ ಬಂದರು ಅಂತ ಬರೆದಿಟ್ಟೆ. ಒಂಬತ್ತು ಸಲದಲ್ಲಿ ಏಳು ಸಲ ಒಬ್ಬನದೇ ಹೆಸರು! ಕಾರಣ ಏನೂ ಇಲ್ಲ, ಅವನಿಗೆ ಮದುವೆ ಆಗಿರಲಿಲ್ಲ ಮತ್ತು ಕೇಳಿದಾಗ ಇಲ್ಲ ಅನ್ನುತ್ತಿರಲಿಲ್ಲ. ಅವನನ್ನು ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ, ಒಂದೊಂದು ಸಲವೂ ಇದೊಂದು ಸಲ ಅಂದುಕೊಂಡು. ಸುಮ್ಮನಿರುವವರ ಮೇಲೆ ಭಾರ ಹೀಗೇ ಬೀಳುತ್ತದೆ. ಈಗ ಸರದಿ ಪಟ್ಟಿ ಇದೆ, ಬದಲಾಯಿಸಿಕೊಳ್ಳಬೇಕಾದರೆ ಅವರವರೇ ಮಾತಾಡಿಕೊಂಡು ನನಗೆ ತಿಳಿಸುತ್ತಾರೆ. ನೀವೂ ಪರ್ಸೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ಶುರು ಮಾಡಬಹುದು, ಯಾರ ಅನುಮತಿಯೂ ಬೇಕಿಲ್ಲ.

ಕೇಳಿದ್ದನ್ನು ಕೊಡಲು ಆಗದೇ ಇದ್ದಾಗ ಆಗಲ್ಲ ಅಂತಲೇ ಹೇಳಿ, ಎಷ್ಟು ಆಗುತ್ತದೆ ಅನ್ನುವುದನ್ನೂ ಜೊತೆಗೇ ಹೇಳಿ. 'ಮುಂದಿನ ವರ್ಷ ನೋಡೋಣ' ಅನ್ನುವ ಮಾತು ಬಾಯಿಗೆ ಬಹಳ ಸುಲಭವಾಗಿ ಬರುತ್ತದೆ, ಆ ಹೊತ್ತಿಗೆ ಇಬ್ಬರಿಗೂ ಸಮಾಧಾನ ಆಗುತ್ತದೆ. ಬಜೆಟ್‌ನಲ್ಲಿ ಅದಕ್ಕೆ ಅಂತ ಸಾಲು ಬರೆದಿಡದೆ ಆ ಮಾತು ಆಡಬೇಡಿ. ನೀವು ಮರೆತಿರುತ್ತೀರಿ, ಅವರು ತಾರೀಖು ಸಮೇತ ನೆನಪಿಟ್ಟುಕೊಂಡು ಬಂದು ನಿಲ್ಲುತ್ತಾರೆ. ನನ್ನ ಮುಂದೆ ಬಂದು ನಿಂತಿದ್ದಾರೆ.